ಗುಬ್ಬಿಯ ಕೀಬೋರ್ಡು, ಮಾಸ್ಟರ ಎಣ್ಣೆ

ಟೈಲರ್ ಮಾಸ್ಟರಿಗೆ ಹೆಂಡತಿಯ ಅಳತೆಗಳೆಲ್ಲ ಬಾಯಿಪಾಠ. ಮಣಿಕಟ್ಟು ಎಷ್ಟು, ತೋಳಿನ ಉದ್ದ ಎಷ್ಟು, ಭುಜ ಎಷ್ಟು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಟೇಪು ಹಿಡಿಯದೆ ಹೇಳಿಬಿಡುವ ಮನುಷ್ಯ. ಆದರೆ ಆ ಪುಟ್ಟ ಕೈಗಳು ಏನೇನು ಮಾಡಬಲ್ಲವು ಅನ್ನುವುದು ಅವರಿಗೆ ಗೊತ್ತಾದದ್ದು ಮಗಳು ಬೆಳೆದು, ಓದಲು ಹೋಗಿ ಹಾಸ್ಟೆಲ್ ಸೇರಿದ ಮೇಲೆ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ ನೋಡಿ.

ಅವಳನ್ನು ಎಲ್ಲರೂ ಕರೆಯುವುದು ಗುಬ್ಬಿ ಅಂತ. ಆಳು ಇರುವುದೂ ಅಷ್ಟೇ ಪುಟ್ಟದಾಗಿ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಅವಳು ಕುರ್ಚಿಯ ಮೇಲೆ ಎರಡು ದಿಂಬು ಹಾಕಿಕೊಂಡು ಕೂರುತ್ತಾಳೆ, ಇಲ್ಲದಿದ್ದರೆ ಗಾಜಿನ ಆಚೆಯವರಿಗೆ ಹಣೆ ಮಾತ್ರ ಕಾಣುತ್ತದೆ. ದನಿ ಮಾತ್ರ ಗುಬ್ಬಿಯದಲ್ಲ. "ಸಾಲಲ್ಲಿ ಬನ್ನಿ" ಅಂತ ಒಮ್ಮೆ ಅಂದಳೆಂದರೆ, ನುಗ್ಗಿ ಬಂದ ಗಟ್ಟಿಗ ಕೂಡ ಬೆಕ್ಕಿನ ಮರಿಯಾಗಿ ಹಿಂದಕ್ಕೆ ಹೋಗಿ ನಿಲ್ಲುತ್ತಾನೆ. ದಿನವಿಡೀ ಕೀ ಒತ್ತಿ ಒತ್ತಿ ಬೆರಳುಗಳಿಗೆ ಕಣ್ಣು ಬಂದಿವೆ. ನೋಡದೆಯೇ ಊರು ಒತ್ತುತ್ತಾಳೆ, ನೋಡದೆಯೇ ಚಿಲ್ಲರೆ ತೆಗೆಯುತ್ತಾಳೆ.

ಮಗಳು ಹಾಸ್ಟೆಲಿಗೆ ಹೋದಳು, ಅವಳ ಕಂಪ್ಯೂಟರು ಮನೆಯಲ್ಲೇ ಉಳಿಯಿತು. ಧೂಳು ಹೊಡೆಯೋಣ ಅಂತ ಕೂತ ಗುಬ್ಬಿ ಅದರೊಳಗಿದ್ದ ಒಂದು ಆಟ ತೆರೆದಳು. ಪಾಳು ಕೋಟೆಯೊಳಗೆ ಈ ಕಡೆ ನಾಲ್ವರು, ಆ ಕಡೆ ನಾಲ್ವರು. ಒಬ್ಬರನ್ನೊಬ್ಬರು ಹುಡುಕಿ ಹೊಡೆಯಬೇಕು. ಮೊದಮೊದಲು ಕೋಟೆಯ ಬಾಗಿಲು ದಾಟುವ ಮುಂಚೆಯೇ ಸಾಯುತ್ತಿದ್ದಳು. ವರ್ಷ ತಿರುಗುವಷ್ಟರಲ್ಲಿ ಅವಳ ಹೆಸರು ಕಂಡರೆ ಎದುರಾಳಿಗಳು ಗೋಡೆ ಹಿಂದೆ ಅವಿತುಕೊಳ್ಳುವ ಹಾಗಾಯಿತು. ಆಟದಲ್ಲೇ ಪರಿಚಯವಾದ ಆಸ್ಪತ್ರೆಯ ನರ್ಸೊಬ್ಬಳು ಹೆಂಗಸರದೇ ಒಂದು ತಂಡ ಕಟ್ಟಿದಳು. ಅವಳೇ ನಾಯಕಿ, ಎಲ್ಲರ ಬಾಯಲ್ಲೂ ಸಿಸ್ಟರ್. ಆ ತಂಡದ ನಾಲ್ಕನೇ ಜಾಗ ಗುಬ್ಬಿಯದು.

ಮನೆಯ ಮುಂದಿನ ಕೋಣೆಯೇ ಮಾಸ್ಟರ ಅಂಗಡಿ. ಅಲ್ಲಿರುವುದು ಒಂದೇ ಒಂದು ದೊಡ್ಡ ಟೇಬಲ್. ಅದರ ಅರ್ಧ ಬಟ್ಟೆಗೆ, ಅರ್ಧ ಕಂಪ್ಯೂಟರಿಗೆ. ಮಾಸ್ಟರು ಹೊಲಿಗೆ ಮೆಷಿನ್ ಮುಂದೆ ಬೀದಿ ಬಾಗಿಲಿಗೆ ಮುಖ ಮಾಡಿ ಕೂತರೆ, ಗುಬ್ಬಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಬೆನ್ನಿಗೆ ಬೆನ್ನು. ಹೆಂಡತಿಯ ಯುದ್ಧವನ್ನೆಲ್ಲ ಮಾಸ್ಟರು ಕಿವಿಯಲ್ಲೇ ನೋಡಿದವರು. ಒಂದು ದಿನವಾದರೂ ತಿರುಗಿ ನೋಡಿದವರಲ್ಲ. ಗಿರಾಕಿ ಬಂದಾಗ ಹೆಂಡತಿಯ ಆಟ ನೋಡುತ್ತಾ ಕೂತಿದ್ದರೆ ಏನಂದುಕೊಂಡಾರು ಅನ್ನುವ ಸಂಕೋಚ ಬೇರೆ.

ಹಾಗೆ ಬೆನ್ನು ತಿರುಗಿಸಿ ಕೂತದ್ದೇ ಎಡವಟ್ಟಿಗೆ ಕಾರಣವಾಯಿತು. ಮಗಳ ಹಳೇ ಕೀಬೋರ್ಡು ಹಲಗೆಯಷ್ಟು ಉದ್ದ, ಅದರ ವೈರು ಟೇಬಲ್ಲಿನ ಅಂಚಿನಿಂದ ಜೋತುಬಿದ್ದು ಮೆಷಿನ್ನಿನ ಪೆಡಲಿನ ಹತ್ತಿರ ಓಲಾಡುತ್ತಿತ್ತು. ಒಂದು ಪಂದ್ಯದ ನಟ್ಟನಡುವೆ ಮಾಸ್ಟರ ಕಾಲು ವೈರಿಗೆ ಸಿಕ್ಕಿ, ಕೀಬೋರ್ಡು ಗುಬ್ಬಿಯ ಕೈಕೆಳಗಿಂದ ಜಾರಿ ದೊಪ್ಪನೆ ನೆಲಕ್ಕೆ ಬಿತ್ತು. ಅರ್ಧ ಕೀಗಳು ಅಲ್ಲೇ ಪ್ರಾಣ ಬಿಟ್ಟವು. ತಂಡ ಸೋತಿತು.

ಸಿಸ್ಟರ್ ಫೋನ್ ಮಾಡಿದಳು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು.

"ನಿನ್ನ ಮೇಲೆ ಕೋಪ ಇಲ್ಲ ಗುಬ್ಬಿ. ಆದ್ರೆ ಬರೋ ಭಾನುವಾರದ ಪಂದ್ಯ ಗೆದ್ರೆ ಮಾತ್ರ ನಾವು ದೊಡ್ಡ ಸುತ್ತಿಗೆ ಹೋಗೋದು. ಅವತ್ತೂ ಹೀಗೇ ಆದ್ರೆ ನಾನು ಬೇರೆ ಯಾರನ್ನಾದ್ರೂ ನೋಡ್ಕೋಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡ."

"ಇಲ್ಲಪ್ಪ, ನಂಗ್ಯಾಕೆ ಬೇಜಾರು" ಅಂದಳು ಗುಬ್ಬಿ. ಅಂದವಳೇ ಊಟದ ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಎದ್ದಳು. ಮಾಸ್ಟರ ತಾಯಿಗೆ ಕಣ್ಣು ಮಂಜಾಗಿದ್ದರೂ ತಟ್ಟೆ ಮಾತ್ರ ಕಾಣುತ್ತದೆ.

"ಯುದ್ಧದಲ್ಲಿ ಸೋತವರು ಊಟಾನೂ ಬಿಡ್ಬೇಕಾ? ಲೋ ಮಗಾ, ಕಾಲು ಹಾಕಿದವನು ನೀನು, ಏನಾದ್ರೂ ಮಾಡೋ" ಅಂದಿತು ಮುದುಕಿ.

ಮಾರನೇ ದಿನ ಮಾಸ್ಟರು ಹೆಂಡತಿಯನ್ನು ಕರೆದುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನಿಗೆ ದಪ್ಪ ಕನ್ನಡಕ, ಹಾಗಾಗಿ ಬೀದಿಯವರೆಲ್ಲ ಅವನನ್ನು ಸೋಡಾಬುಡ್ಡಿ ಅನ್ನುತ್ತಾರೆ, ಅವನೂ ಓಗೊಡುತ್ತಾನೆ. ಗುಬ್ಬಿಯ ಮಾತೆಂದರೆ ಅವನಿಗೆ ಭಯಭಕ್ತಿ. ಹಿಂದೊಮ್ಮೆ ಅವನ ಅಂಗಡಿಯ ಹೊಸ ಮೌಸೊಂದನ್ನು ಕೈಯಲ್ಲಿ ಹಿಡಿದು, "ಇದು ಇಲಿಯಲ್ಲಪ್ಪ, ಹೆಗ್ಗಣ" ಅಂದುಬಿಟ್ಟಿದ್ದಳು. ಆಮೇಲೆ ಆ ಮಾಲು ಒಂದೂ ಖರ್ಚಾಗಿರಲಿಲ್ಲ.

"ಅಕ್ಕ, ಇದನ್ನ ನೋಡಿ" ಅಂತ ಅವನು ಕೀಬೋರ್ಡಿನ ಒಂದು ಪುಟ್ಟ ಡಬ್ಬಿ ತೆರೆದ. "ಮೆಕ್ಯಾನಿಕಲ್ಲು, ವೈರ್‌ಲೆಸ್ಸು. ಭಾನುವಾರದವರೆಗೂ ಆಡಿ ನೋಡಿ. ಇದ್ದದ್ದನ್ನ ಇದ್ದ ಹಾಗೆ ಹೇಳಿ, ನಿಮ್ಮ ಮಾತನ್ನ ಗೋಡೆಗೆ ಅಂಟಿಸ್ತೀನಿ. ಇಷ್ಟ ಆದ್ರೆ ನಿಮ್ದೇ, ಬದಲಿಗೆ ಮಾಸ್ಟ್ರು ನಮ್ಮಂಗಡಿ ಕಂಪ್ಯೂಟರ್‌ಗಳಿಗೆಲ್ಲ ಹೊದಿಕೆ ಹೊಲ್ಕೊಡ್ಲಿ. ಇಷ್ಟ ಆಗ್ಲಿಲ್ವಾ, ಹೇಗೆ ತಗೊಂಡ್ ಹೋದ್ರೋ ಹಾಗೇ ವಾಪಸ್ ತಂದ್ಕೊಡಿ."

ಹಳೆಯದರ ಅರ್ಧಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಂಕಿಗಳ ಬೇರೆ ಗುಂಪಿಲ್ಲ, ಬಾಣದ ಗುರುತಿನ ಕೀಗಳೂ ಇಲ್ಲ. ಮಾಸ್ಟರಿಗೆ ಅನುಮಾನ. "ಬಟ್ಟೆ ಸಾಲದೆ ಹೊಲಿದ ಹಾಗಿದೆಯಲ್ಲೋ" ಅಂದರು. ಗುಬ್ಬಿ ಎರಡೂ ಕೈ ಅದರ ಮೇಲಿಟ್ಟಳು. ಕೈ ಅಗಲಿಸಬೇಕಾಗಲಿಲ್ಲ, ಮೊಣಕೈ ಎತ್ತಬೇಕಾಗಲಿಲ್ಲ. ಇಷ್ಟು ದಿನ ಯಾರದೋ ಅಂಗಿ ತೊಟ್ಟು ಓಡಾಡಿದವಳಿಗೆ ಅವಳದೇ ಅಳತೆಯ ಅಂಗಿ ಸಿಕ್ಕಿತ್ತು. ಮಾಸ್ಟರಿಗೆ ಅದು ಗೊತ್ತಾಗಲು ಟೇಪು ಬೇಕಾಗಲಿಲ್ಲ, ಅವಳ ಭುಜ ಇಳಿದದ್ದು ನೋಡಿದರೆ ಸಾಕಾಯಿತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವ ಗಾದೆ ಹೆಂಡತಿಗೂ ಸರಿ, ಕೀಬೋರ್ಡಿಗೂ ಸರಿ ಅಂದುಕೊಂಡರು.

ಆದರೆ ಗುಬ್ಬಿ ಒಂದೇ ನೋಟಕ್ಕೆ ಸೋಲುವವಳಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗಬಾರದು. ಕುಣಿದು ನೋಡಿ ಆಮೇಲೆ ನೆಲದ ಮಾತಾಡೋದು" ಅಂದಳು. ಪರೀಕ್ಷೆಗೆ ಅವಳದೇ ಒಂದು ದಾರಿಯಿತ್ತು. ಆಟದೊಳಗೆ ಅಭ್ಯಾಸಕ್ಕೆಂದು ಒಂದು ಬಯಲಿದೆ, ಆ ಬಯಲಿನ ಅಂಚಿಗೆ ಉದ್ದಕ್ಕೆ ಒಂದು ಗೋಡೆ. ಗೋಡೆಯ ನೆತ್ತಿ ಒಂದು ಪಾದದಷ್ಟು ಅಗಲ, ಅದೂ ಹಾವಿನ ಹಾಗೆ ಅಂಕುಡೊಂಕು. ತನ್ನ ಸಿಪಾಯಿಯನ್ನು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಓಡಿಸುವುದು. ಒತ್ತಿದ ಕೀಗೆ ಕೂದಲೆಳೆಯಷ್ಟು ತಡವಾದರೂ, ಬಿಟ್ಟ ಕೀ ಕೂದಲೆಳೆಯಷ್ಟು ತಡವಾಗಿ ಮೇಲೆದ್ದರೂ, ಸಿಪಾಯಿ ಕೆಳಕ್ಕೆ.

ಮೊದಲ ಸಂಜೆ ಬಿದ್ದ. ಗುಬ್ಬಿ ಕೀಬೋರ್ಡನ್ನು ಬೈಯಲಿಲ್ಲ. ಎದ್ದು ಟೇಬಲ್ಲಿನ ಕೆಳಗೆ ತೂರಿಕೊಂಡಳು. ಕೀಬೋರ್ಡಿನ ಮಾತು ಕಂಪ್ಯೂಟರಿಗೆ ಮುಟ್ಟಿಸುವ ಉಗುರಿನಷ್ಟು ದೊಡ್ಡ ರಿಸೀವರು ಕಂಪ್ಯೂಟರಿನ ಕಬ್ಬಿಣದ ಡಬ್ಬದ ಹಿಂಬದಿಯಲ್ಲಿತ್ತು. "ಗೋಡೆ ಹಿಂದೆ ನಿಂತವರನ್ನ ಕೂಗಿದ್ರೆ ಹೇಗೆ ಕೇಳ್ಸುತ್ತೆ?" ಅಂತ ಅದನ್ನು ಕಿತ್ತು ಮುಂಬದಿಗೆ ಸಿಕ್ಕಿಸಿದಳು. ಆಮೇಲೆ ಸಿಪಾಯಿ ಬೀಳಲಿಲ್ಲ. ರಿಸೀವರು ಬಿಟ್ಟು ಬ್ಲೂಟೂತಿನಲ್ಲಿ ಓಡಿಸಿದರೆ ಮಾತ್ರ ಮತ್ತೆ ಬೀಳುತ್ತಿದ್ದ. ಅದು ಪತ್ರ ಬರೆಯೋದಕ್ಕೆ ಸರಿ, ಆಟಕ್ಕಲ್ಲ ಅಂತ ತೀರ್ಮಾನಿಸಿದಳು. ಬ್ಯಾಟರಿ ದಿನಗಟ್ಟಲೆ ಬಂತು. ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿ ಹಿಡಿದರೂ ಒಂದೂ ತಪ್ಪಿಸಿಕೊಳ್ಳಲಿಲ್ಲ. ಪ್ರತಿ ಕೀಯ ಅಡಿಯಲ್ಲಿರುವ ಸ್ವಿಚ್ಚುಗಳನ್ನು ಒಂದೊಂದಾಗಿ ಕಿತ್ತು ಬದಲಿಸಬಹುದು ಅಂತ ಡಬ್ಬಿಯ ಮೇಲೆ ಬರೆದು, ಕೀಳಲು ಒಂದು ಪುಟ್ಟ ಇಕ್ಕಳವನ್ನೂ ಕೊಟ್ಟಿದ್ದರು. "ಇದ್ಯಾರಿಗೆ ಬೇಕಪ್ಪ" ಅಂತ ಗುಬ್ಬಿ ಅದನ್ನು ಮಾಸ್ಟರ ಗುಂಡಿಗಳ ಡಬ್ಬಿಗೆ ಎಸೆದಳು.

ಸದ್ದು ಮಾಸ್ಟರಿಗೆ ಬಲು ಹಿಡಿಸಿತು. ಹಳೆಯದು ಪಚಪಚ ಅನ್ನುತ್ತಿತ್ತು. ಇದು ಟಕ ಟಕ ಅಂತ ಒಂದೊಂದು ಹೊಲಿಗೆಯೂ ಬಿಡಿಬಿಡಿಯಾಗಿ ಕೇಳುವ ಹಾಗೆ ನುಡಿಯುತ್ತಿತ್ತು. ಬೆನ್ನ ಹಿಂದೆ ಅದು ಓಡಿದಾಗ ಇವರ ಕಾಲೂ ಪೆಡಲಿನ ಮೇಲೆ ಓಡುತ್ತಿತ್ತು.

"ಎಲ್ಲಾ ಬೆಣ್ಣೆ ಕಣ್ರೀ. ಈ ಉದ್ದದ ಸ್ಪೇಸ್‌ಬಾರ್ ಒಂದು ಗಲಗಲ ಅನ್ನುತ್ತೆ ನೋಡಿ, ಅದೊಂದೇ ಕಿರಿಕಿರಿ" ಅಂದಳು ಗುಬ್ಬಿ, ಶುಕ್ರವಾರ.

ಅಂದದ್ದಷ್ಟೇ. ಅವಳು ಮರೆತಳು, ಮಾಸ್ಟರು ಮರೆಯಲಿಲ್ಲ. ಮೆಷಿನ್ ಸದ್ದು ಮಾಡಿದರೆ ಟೈಲರಾದವನ ಕೈ ತಾನಾಗಿಯೇ ಹೋಗುವುದು ಎಣ್ಣೆ ಡಬ್ಬಿಗೆ. ಕಸುಬು ಕಲಿತ ದಿನದಿಂದ ಬಂದ ರೂಢಿ. ಶನಿವಾರ ಗುಬ್ಬಿ ಕೌಂಟರಿಗೆ ಹೋದ ಮೇಲೆ ಮಾಸ್ಟರು ಕೀಯ ಟೊಪ್ಪಿ ಬಿಚ್ಚಿ ಸ್ಪೇಸ್‌ಬಾರಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟರು. ಗಲಗಲ ನಿಂತಿತು. ಆಹಾ! ಖುಷಿ ತಡೆಯಲಾಗಲಿಲ್ಲ. ಒಂದಕ್ಕೆ ಮಾಡಿ ಉಳಿದದ್ದಕ್ಕೆ ಯಾಕೆ ಜಿಪುಣತನ ಅಂತ, ಗುಬ್ಬಿ ಯಾವಾಗಲೂ ಒತ್ತುವ ಎಡಗಡೆಯ ಕೀಗಳನ್ನೆಲ್ಲ ಬಿಚ್ಚಿ, ಒಂದೊಂದಕ್ಕೂ ಧಾರಾಳವಾಗಿ ಎಣ್ಣೆ ಕುಡಿಸಿದರು. ಡಬ್ಬಿಯ ಎಣ್ಣೆ ಹಳೆಯದು, ಮೂತಿಗೆ ನೂಲಿನ ಧೂಳು ಮೆತ್ತಿತ್ತು. ಮೆಷಿನ್ನಿಗೆ ಅದು ನಡೆಯುತ್ತದೆ.

ಸಂಜೆ ಗುಬ್ಬಿ ಬಂದು ಕೂತಳು. ಮಾಸ್ಟರು ಬಾಬಿನ್ನಿಗೆ ನೂಲು ಸುತ್ತುತ್ತಾ, ಶಹಬ್ಬಾಸ್ ಯಾವಾಗ ಬರುತ್ತದೋ ಅಂತ ಮೀಸೆಯಲ್ಲೇ ನಗುತ್ತಾ ಕಾಯುತ್ತಿದ್ದರು. ಸಿಪಾಯಿ ಗೋಡೆ ಹತ್ತಿದ, ಮೊದಲ ತಿರುವಿನಲ್ಲೇ ಬಿದ್ದ. ಮತ್ತೆ ಹತ್ತಿದ, ಮತ್ತೆ ಬಿದ್ದ.

"ಏನ್ರೀ ಇದು? ಕೀ ಬಿಟ್ರೂ ಮೇಲೆ ಏಳ್ತಾನೇ ಇಲ್ಲ. ಬೆಳಿಗ್ಗೆ ಚೆನ್ನಾಗಿತ್ತಲ್ಲ!"

"ಚೆನ್ನಾಗೇ ಇರುತ್ತೆ. ನಾನೇ ಎಣ್ಣೆ ಹಾಕಿದೀನಿ" ಅಂದರು ಮಾಸ್ಟರು, ಎದೆಯುಬ್ಬಿಸಿ.

"ಏನ್ ಹಾಕಿದೀರಾ?"

"ಎಣ್ಣೆ ಕಣೇ. ಮೆಷಿನ್ ಎಣ್ಣೆ."

ಗುಬ್ಬಿ ನಿಧಾನಕ್ಕೆ ತಿರುಗಿದಳು. ಮಾಸ್ಟರು ಅವಳ ಮುಖ ನೋಡಿದರು. ಬಾಬಿನ್ನು ಕೈಯಿಂದ ಜಾರಿ ಕೋಣೆಯ ಮೂಲೆಯವರೆಗೂ ಉರುಳಿಕೊಂಡು ಹೋಯಿತು. ಸೋಡಾಬುಡ್ಡಿಗೆ ಫೋನ್ ಮಾಡಿದರೆ ಅವನು ಆ ಕಡೆಯಿಂದಲೇ ತಲೆ ಚಚ್ಚಿಕೊಂಡ.

"ಅಯ್ಯೋ ಮಾಸ್ಟ್ರೇ, ಅದಕ್ಕೆ ಬೇರೆ ಗ್ರೀಸೇ ಇರುತ್ತೆ! ನಿಮ್ಮ ಎಣ್ಣೆ ಒಳಗೆ ಹೋಗಿ ಅಂಟಾಗಿರುತ್ತೆ ಈಗ. ಬದಲಿ ಸ್ವಿಚ್ ನನ್ನತ್ರ ಇಲ್ಲ, ತರಿಸ್ಬೇಕು. ಮುಂದಿನ ವಾರ ಆಗುತ್ತೆ. ಆಟಕ್ಕಾಗೋ ಕೀಬೋರ್ಡೂ ಇದ್ದದ್ದು ಅದೊಂದೇ ಪೀಸು."

ಮುಂದಿನ ವಾರ! ಪಂದ್ಯ ನಾಳೆ ಮಧ್ಯಾಹ್ನ. ಹಳೇ ಕೀಬೋರ್ಡು ಸತ್ತು ಮಲಗಿದೆ. ಕೌಂಟರಿನಲ್ಲಿ ಊರನ್ನೇ ಬೈಯುವ ಹೆಂಗಸು ಕೈಕಟ್ಟಿ ಸುಮ್ಮನೆ ಪರದೆ ನೋಡುತ್ತಾ ಕೂತಳು. ಒಳಗಿಂದ ಮುದುಕಿ ಮಾತ್ರ, "ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ನಂತೆ. ಮೊದ್ಲು ಕಾಲು, ಈಗ ಕೈ" ಅಂತ ಗೊಣಗಿತು. ಮಾಸ್ಟರಿಗೆ ಅಳು ಬರುವುದೊಂದು ಬಾಕಿ.

ಏನು ಮಾಡಲೂ ತೋಚದೆ ಮಾಸ್ಟರು ಕೈಗೆ ಸಿಕ್ಕ ಕೆಲಸ ಎತ್ತಿಕೊಂಡರು. ಗಿರಾಕಿಯೊಬ್ಬರ ಶರ್ಟು, ಕಾಲರು ಸವೆದು ಹರಿದಿತ್ತು. ಅಂಥದ್ದಕ್ಕೆ ಅದೇ ಬಣ್ಣದ ಬಟ್ಟೆ ಎಲ್ಲಿ ಹುಡುಕುವುದು? ಹುಡುಕುವುದಿಲ್ಲ. ಶರ್ಟಿನ ಕೆಳಗೆ, ಪ್ಯಾಂಟಿನೊಳಗೆ ತುರುಕುವ ಭಾಗದಿಂದ ಒಂದು ತುಂಡು ಕತ್ತರಿಸಿ ಕಾಲರಿಗೆ ಹಾಕುವುದು, ಯಾವುದೋ ಹಳೇ ತುಂಡನ್ನು ಕೆಳಗೆ ಜೋಡಿಸುವುದು. ಕಾಣುವ ಕಡೆ ಒಳ್ಳೆಯದು, ಕಾಣದ ಕಡೆ ಇದ್ದದ್ದು. ಕತ್ತರಿ ಬಟ್ಟೆಗೆ ತಾಗಿಸಿದ ಮಾಸ್ಟರು ಅಲ್ಲೇ ನಿಂತುಬಿಟ್ಟರು.

"ಗುಬ್ಬೀ, ಆಟದಲ್ಲಿ ಈ ಬಲಗಡೆ ಕೀಗಳನ್ನ ಒತ್ತುತೀಯಾ?"

"ಬಲಗೈ ಮೌಸ್ ಮೇಲಿರುತ್ತಲ್ರೀ. ಅವನ್ಯಾಕೆ ಒತ್ತಲಿ?"

"ಹಾಗಾದ್ರೆ ಅದು ಶರ್ಟಿನ ಕೆಳಗಿನ ತುಂಡು!"

ಗುಬ್ಬಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದದ್ದೇ ತಡ, ಗುಂಡಿಗಳ ಡಬ್ಬಿಯನ್ನು ಟೇಬಲ್ಲಿನ ಮೇಲೆ ಸುರಿದು ಆ ಪುಟ್ಟ ಇಕ್ಕಳ ಹುಡುಕಿದಳು. ಇಬ್ಬರೂ ಎದುರುಬದುರು ಕೂತರು. ಅವಳು ಸ್ಪೇಸ್‌ಬಾರಿನದೂ ಎಡಗಡೆಯವೂ ಸೇರಿ ಎಣ್ಣೆ ಕುಡಿದ ಸ್ವಿಚ್ಚುಗಳನ್ನೆಲ್ಲ ಕಿತ್ತಳು, ಅವರು ಮೆತ್ತನೆ ಬಟ್ಟೆಯಿಂದ ಗುಳಿಗಳನ್ನು ಒರೆಸಿದರು. ಬಲಗಡೆಯ ಒಳ್ಳೆಯವು ಎಡಕ್ಕೆ ಬಂದವು, ಕೆಟ್ಟವು ಬಲಕ್ಕೆ ಹೋದವು. ಒಂದು ಸ್ವಿಚ್ಚಿನ ಕೂದಲಿನಂಥ ತಂತಿಕಾಲು ಬಗ್ಗಿಹೋಯಿತು. ಗುಬ್ಬಿ "ಅಯ್ಯೋ" ಅಂದಳು. ಮಾಸ್ಟರು ಉಸಿರು ಬಿಗಿಹಿಡಿದು, ಸೂಜಿಯ ತುದಿಯಿಂದ ಅದನ್ನು ಒಂದಿಷ್ಟೇ ಒಂದಿಷ್ಟೇ ನೆಟ್ಟಗೆ ಮಾಡಿ ಕೂರಿಸಿದರು. ಸ್ಪೇಸ್‌ಬಾರು ಮತ್ತೆ ಗಲಗಲ ಅಂದಿತು. ಆ ಸದ್ದು ಅಷ್ಟು ಹಿತವಾಗಿ ಯಾರಿಗೂ ಕೇಳಿರಲಿಕ್ಕಿಲ್ಲ.

ಸಿಪಾಯಿ ಗೋಡೆ ಹತ್ತಿದ. ಮೊದಲ ತಿರುವು, ಎರಡನೆಯದು, ಆಮೇಲಿನ ಡೊಂಕೆಲ್ಲ ದಾಟಿ ಆ ತುದಿಯಲ್ಲಿ ಹೋಗಿ ನಿಂತ.

"ಊಟ ಮಾಡೋಣ ಬನ್ನಿ" ಅಂದಳು ಗುಬ್ಬಿ.

ಭಾನುವಾರ ಮಧ್ಯಾಹ್ನ ಮಾಸ್ಟರು ಅಂಗಡಿಯ ಬಾಗಿಲು ಅರ್ಧ ಎಳೆದು, ಮೆಷಿನ್ನಿನ ಮುಂದೆ ಕೂತವರು ಹಾಗೇ ಸ್ಟೂಲು ತಿರುಗಿಸಿದರು. ಮೊದಲ ಸಲ ಹೆಂಡತಿಯ ಆಟ ಕಣ್ಣಿಂದ ನೋಡಿದರು. ಅಬ್ಬಬ್ಬಾ! ಅವಳ ಎಡಗೈಯ ಬೆರಳುಗಳು ಇದ್ದಲ್ಲೇ ಇದ್ದವು, ಆದರೂ ಒಂದು ಕ್ಷಣ ಸುಮ್ಮನಿರಲಿಲ್ಲ. ಕೀಬೋರ್ಡನ್ನು ಓರೆಯಾಗಿ ಮೈಯ ಹತ್ತಿರಕ್ಕೆ ಎಳೆದುಕೊಂಡಿದ್ದಳು. ವೈರಿಲ್ಲ, ತಡೆಯಿಲ್ಲ, ಮೌಸು ಓಡಾಡಲು ಬೇಕಾದಷ್ಟು ಜಾಗ. "ಎಡಗಡೆ ಬಾಗ್ಲು, ಇಬ್ರು", "ಸಿಸ್ಟರ್, ಹಿಂದೆ ಬನ್ನಿ", "ಇರಿ, ಇರಿ, ಈಗ" ಅಂತ ಅವಳು ಸಣ್ಣ ದನಿಯಲ್ಲಿ ಹೇಳಿದರೆ ಆ ಕಡೆ ಮೂವರು ಹೆಂಗಸರು ಹಾಗೇ ನಡೆಯುತ್ತಿದ್ದರು. ತನ್ನ ಮನೆಯಲ್ಲಿ, ತನ್ನ ಬೆನ್ನ ಹಿಂದೆ, ಇಷ್ಟು ದಿನ ಒಬ್ಬಳು ಸೇನಾಪತಿ ಕೂತಿದ್ದಳಲ್ಲ ಅಂತ ಮಾಸ್ಟರ ಮೈ ಜುಮ್ಮೆಂದಿತು. ನೋಡದೆ ಕಳೆದುಕೊಂಡ ಸಂಜೆಗಳನ್ನು ನೆನೆದು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಎರಡೂ ಕಡೆ ಸಮಸಮ ಬಂದು, ಕೊನೆಯ ಸುತ್ತು ಉಳಿಯಿತು. ಸಿಸ್ಟರ್ ಸತ್ತಳು, ಇನ್ನಿಬ್ಬರೂ ಸತ್ತರು. ಗುಬ್ಬಿ ಒಬ್ಬಳೇ, ಎದುರಿಗೆ ಇಬ್ಬರು. ಓಡಿದರೆ ಹೆಜ್ಜೆ ಸದ್ದು ಅವರಿಗೆ ಕೇಳುತ್ತದೆ. ಗುಬ್ಬಿ ಮೆಲ್ಲನೆ ನಡೆಯುವ ಕೀ ಕಿರುಬೆರಳಲ್ಲಿ ಒತ್ತಿಹಿಡಿದು, ಕೋಟೆಯ ಮೇಲಿನ ಗೋಡೆ ಹತ್ತಿದಳು. ಪಾದದಷ್ಟು ಅಗಲದ ಗೋಡೆ. ಕೂದಲೆಳೆ ತಪ್ಪಿದರೂ ಕೆಳಕ್ಕೆ. ಮಾಸ್ಟರಿಗೆ ತಾನು ಸೂಜಿಯಲ್ಲಿ ನೆಟ್ಟಗೆ ಮಾಡಿದ ಸ್ವಿಚ್ಚು ನೆನಪಾಯಿತು, ಅದು ಆ ಕಿರುಬೆರಳಿನ ಅಡಿಯಲ್ಲೇ ಇತ್ತು. ಒಳಗಿಂದ ಮುದುಕಿ ಏನೋ ಕೇಳಲು ಬಂದದ್ದು ಬಾಗಿಲಲ್ಲೇ ನಿಂತಿತು. ಗೋಡೆ ತಿರುಗಿತು, ಸಿಪಾಯಿಯೂ ತಿರುಗಿದ. ಕೆಳಗೆ ಇಬ್ಬರೂ ಬಾಗಿಲಿನ ಕಡೆ ನೋಡುತ್ತಾ ಕಾಯುತ್ತಿದ್ದರು.

ಎರಡೇ ಗುಂಡು.

"ಗೆದ್ಲಾ? ಸೋತ್ಲಾ? ಯಾರಾದ್ರೂ ಹೇಳ್ರೋ!" ಅಂತ ಮುದುಕಿ ಕೂಗಿತು. ಹೇಳುವವರು ಯಾರು? ಪಂದ್ಯ ಮುಗಿದ ಮೇಲೆ ಎದುರಾಳಿಗೆ ಒಳ್ಳೇ ಮಾತು ಬರೆಯುವುದು ಆಟದ ಮರ್ಯಾದೆ. ಗುಬ್ಬಿ ಬರೆಯಲು ಹೋದರೆ ಬಲಗಡೆಯ ಎಣ್ಣೆ ಕೀ ಒಂದು ಮೇಲೇಳದೆ, ಒಂದೇ ಅಕ್ಷರ ಸಾಲುಗಟ್ಟಲೆ ಓಡಿತು. ಸಂತೋಷಕ್ಕೆ ಹಾಗೆ ಬರೆದಿದ್ದಾಳೆ ಅಂದುಕೊಂಡು ಅವರೂ ಹಾಗೇ ಒಂದು ಸಾಲು ಬರೆದು ಕಳಿಸಿದರು. ಫೋನಿನಲ್ಲಿ ಸಿಸ್ಟರ್ ಅಳುತ್ತಾ ನಗುತ್ತಿದ್ದಳು.

"ಬೇರೆಯವರನ್ನ ನೋಡ್ಕೋತೀನಿ ಅಂದಿದ್ನಲ್ಲ, ನನ್ ಬಾಯಿಗೆ ಮಣ್ಣು ಹಾಕ. ಆ ಜಾಗ ನಿಂದೇ ಗುಬ್ಬಿ. ನೀನಾಗಿ ಬಿಡೋವರೆಗೂ ನಿಂದೇ."

ಫೋನ್ ಇಟ್ಟು ಗುಬ್ಬಿ ತಿರುಗಿದಳು. ಮಾಸ್ಟರು ಮೊಣಕಾಲ ಮೇಲೆ ಕೈಯಿಟ್ಟುಕೊಂಡು, ಕಣ್ಣು ತುಂಬಿಕೊಂಡು ಕೂತಿದ್ದರು.

"ಯಾವಾಗಿಂದ ನೋಡ್ತಿದ್ರಿ?"

"ಮೊದಲಿಂದ."

"ಮೆಷಿನ್ ಸದ್ದೇ ಇರ್ಲಿಲ್ಲ. ಎಲ್ಲಿ ಎದ್ದು ಹೋದ್ರೋ ಅಂತ ಆಟದ ಮಧ್ಯ ನಂಗೆ ಭಯ ಆಯ್ತು ಕಣ್ರೀ" ಅಂದಳು ಗುಬ್ಬಿ. ಇಷ್ಟು ದಿನ ಅವಳೂ ಇವರನ್ನು ಕಿವಿಯಲ್ಲೇ ಇಟ್ಟುಕೊಂಡಿದ್ದಳು ಅನ್ನುವುದು ಮಾಸ್ಟರಿಗೆ ಆಗ ತಿಳಿಯಿತು. ಎದ್ದು ಹೊಲಿಗೆ ಮೆಷಿನ್ನನ್ನು ತಬ್ಬಿ ಹಿಡಿದು, ನೆಲ ಕೆರೆಯುವ ಸದ್ದು ಮಾಡುತ್ತಾ ಎಳೆದರು. "ಆ ಕಡೆ ಹಿಡ್ಕೊ" ಅಂದರು. ಇಬ್ಬರೂ ಸೇರಿ ಟೇಬಲ್ಲನ್ನು ಗೋಡೆಯಿಂದ ಬಿಡಿಸಿ, ಮೆಷಿನ್ನನ್ನು ಅದರ ಆಚೆ ಬದಿಗೆ, ಗುಬ್ಬಿಗೆ ಎದುರಾಗಿ ಇಟ್ಟರು.

ಮರುದಿನ ಸೋಡಾಬುಡ್ಡಿ ಪೆನ್ನು ಹಿಡಿದು ಸಿದ್ಧವಾಗಿ ನಿಂತಿದ್ದ.

"ಹೇಳಿ ಅಕ್ಕ. ಒಳ್ಳೇದು ಏನು?"

"ಸಣ್ಣ ಕೈಯವರಿಗೆ ಇದಕ್ಕಿಂತ ಒಳ್ಳೇದು ಬೇಡ. ರಿಸೀವರ್ ಮುಂದಿಟ್ರೆ ಒಂಚೂರೂ ತಡ ಇಲ್ಲ. ಬ್ಲೂಟೂತ್‌ನಲ್ಲಿ ಆಟ ಬೇಡ. ಸ್ವಿಚ್ ಕಿತ್ತು ಹಾಕಬಹುದು, ಅದು ಉಪಯೋಗಕ್ಕೆ ಬರಲ್ಲ ಅನ್ಕೋಬೇಡಿ."

"ಕೆಟ್ಟದ್ದು?"

"ಸ್ಪೇಸ್‌ಬಾರ್ ಗಲಗಲ. ಇನ್ನೊಂದಿದೆ, ಅದು ನಮ್ಮ ಯಜಮಾನ್ರು ಮಾಡಿದ್ದು. ಅದನ್ನ ಬರೀಬೇಡಪ್ಪ."

ಬಾಗಿಲ ಬಳಿ ನಿಂತಿದ್ದ ಮಾಸ್ಟರು ಛಾವಣಿ ನೋಡಿದರು. ಸೋಡಾಬುಡ್ಡಿ ಕನ್ನಡಕ ಮೇಲಕ್ಕೇರಿಸಿಕೊಂಡು, "ಎಣ್ಣೆ ಕುಡಿದ ಮಾಲು ನಾನು ವಾಪಸ್ ತಗೊಳ್ಳಲ್ಲ, ಮೊದ್ಲೇ ಹೇಳಿದೀನಿ" ಅಂದ.

"ವಾಪಸ್ ಕೊಡೋಕೆ ಬಂದವರ್ಯಾರು? ಹೊದಿಕೆಗೆ ಅಳತೆ ತಗೊಳ್ಳೋಕೆ ಬಂದಿದೀವಿ" ಅಂದಳು ಗುಬ್ಬಿ. ಮಾಸ್ಟರು ಕೊರಳಿನಿಂದ ಟೇಪು ತೆಗೆದರು.

"ಸರಿ, ಗೋಡೆಗೆ ಹಾಕೋಕೆ ಕೊನೇದಾಗಿ ಒಂದ್ ಮಾತು ಹೇಳಿ."

ಗುಬ್ಬಿ ಒಂದು ಕಂಪ್ಯೂಟರಿನ ಮೇಲೆ ಬಾಗಿ ಅಗಲ ಅಳೆಯುತ್ತಿದ್ದ ಗಂಡನ ಬೆನ್ನನ್ನು ನೋಡಿದಳು.

"ಇದು ಬಂದ ಮೇಲೆ ನಮ್ಮನೆ ಟೇಬಲ್ ದೊಡ್ಡದಾಯ್ತು, ಅಂತ ಬರ್ಕೊಳಪ್ಪ."